ಮಗಳು ಹೆಹೆ ಮಾತಾಡ್ತಾಳೆ, ತಡೆಯಬೇಕಾ?

ಓದುಗರ ಪ್ರಶ್ನೆ: ನಮ್ಮದು ಹಾಸನ. ಗಂಡನ ಕೆಲಸದ ಕಾರಣಕ್ಕೆ ಎರಡು ವರ್ಷದಿಂದ ತಾಂಜಾನಿಯಾದ ಇರಿಂಗಾದಲ್ಲಿದ್ದೇವೆ. ಮಗಳಿಗೆ ಐದು ವರ್ಷ. ಅವಳನ್ನು ನೋಡಿಕೊಳ್ಳುವ ದಾದಾ ಹೆಹೆ ಜನಾಂಗದವಳು (ಇಲ್ಲಿ ಅಕ್ಕನಿಗೆ ದಾದಾ ಅನ್ನುತ್ತಾರೆ, ಮನೆಕೆಲಸಕ್ಕೆ ಬರುವವರಿಗೂ ಅದೇ). ಅವಳ ತಾಯಿ ಆಗಾಗ ಬಂದು ಹೋಗುತ್ತಾರೆ. ಅವರಿಬ್ಬರೂ ಆಡುವುದು ಹೆಹೆ. ಆ ಬೀಬಿಯ (ಅಂದರೆ ಅಜ್ಜಿಯ) ಹಿಂದೆ ಸುತ್ತಿ ಸುತ್ತಿ ಮಗಳಿಗೂ ಅದು ಬಂದುಬಿಟ್ಟಿದೆ. ಕನ್ನಡ, ಇಂಗ್ಲಿಷ್, ಸ್ವಾಹಿಲಿ ಎಲ್ಲದರ ಜೊತೆ ಬೆರೆಸಿ ಮಾತಾಡುತ್ತಾಳೆ. "ನಾಲ್ಕು ಭಾಷೆ ಸೇರಿ ಮಗುವಿನ ತಲೆ ಗೊಂದಲ ಆಗುತ್ತೆ, ಇದೊಂದನ್ನಾದರೂ ನಿಲ್ಲಿಸು" ಅಂತ ಗಂಡ ಹೇಳುತ್ತಾರೆ. ಪಕ್ಕದ ಮನೆಯವರು, "ಅದು ಭಾಷೆಯೇ ಅಲ್ಲ, ಕೆಟ್ಟ ಸ್ವಾಹಿಲಿ. ಬರೆಯೋಕೂ ಬರಲ್ಲ. ಇನ್ನು ಸ್ವಲ್ಪ ವರ್ಷಕ್ಕೆ ಇರೋದೂ ಇಲ್ಲ. ಹೆಹೆ ಜನ ಮುಂಗೋಪಿಗಳು ಬೇರೆ" ಅಂದರು. ಆಶ್ಚರ್ಯ ಅಂದರೆ ದಾದಾ ತನ್ನ ಸ್ವಂತ ಮಗನ ಜೊತೆ ಬರೀ ಸ್ವಾಹಿಲಿ ಆಡುತ್ತಾಳೆ. ಯಾಕೆ ಅಂದರೆ "ಕಿಲುಘಾ (ಮನೆಮಾತು) ಕಲಿತು ಅವನಿಗೆ ಏನಾಗಬೇಕು?" ಅಂತಾಳೆ. ಬೀಬಿ ಹೇಳುವ ಕಥೆಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಬೇಕು ಅಂತ ನನಗೆ ಆಸೆ. ಮಾಡಬಹುದಾ?

ಉತ್ತರ:

ಮನೆಯೊಳಗಿನ ಚಿಂತೆಗೆ ಮೊದಲು ಉತ್ತರ ಹೇಳುತ್ತೇನೆ. ಮಗಳನ್ನು ತಡೆಯಬೇಡಿ. ಅವಳಿಗೆ ಏನೂ ಆಗುವುದಿಲ್ಲ.

ಮಗು ಒಂದೇ ವಾಕ್ಯದಲ್ಲಿ ಎರಡು ಮೂರು ಭಾಷೆ ಬೆರೆಸಿದರೆ ಅದು ಗೊಂದಲದ ಗುರುತಲ್ಲ. ಆ ಹೊತ್ತಿಗೆ ಬೇಕಾದ ಮಾತು ಯಾವ ಭಾಷೆಯಲ್ಲಿ ಬೇಗ ಸಿಗುತ್ತದೋ ಅದನ್ನು ಎತ್ತಿಕೊಳ್ಳುತ್ತದೆ, ಅಷ್ಟೇ. ನೀವೇ ಗಮನಿಸಿ ನೋಡಿ. ಬೀಬಿ ಎದುರು ನಿಮ್ಮ ಮಗಳು ಕನ್ನಡದಲ್ಲಿ ಕಥೆ ಶುರು ಮಾಡುವುದಿಲ್ಲ. ನಿಮ್ಮ ಹತ್ತಿರ ಬಂದು ಹೆಹೆಯಲ್ಲಿ ಊಟ ಕೇಳುವುದಿಲ್ಲ. ಯಾರ ಹತ್ತಿರ ಯಾವುದನ್ನು ಆಡಬೇಕು ಅನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿದೆ. ಒಂದೊಂದು ಭಾಷೆಯನ್ನೇ ಲೆಕ್ಕ ಹಾಕಿದರೆ ಅವಳ ಪದಗಳು ಸ್ವಲ್ಪ ಕಡಿಮೆ ಕಾಣಬಹುದು. ನಾಲ್ಕನ್ನೂ ಕೂಡಿಸಿದರೆ ಕಡಿಮೆ ಇರುವುದಿಲ್ಲ.

ಆದರೆ ಒಂದು ಎಚ್ಚರ. "ಎರಡು ಮೂರು ಭಾಷೆ ಇರುವ ಮನೆ, ಅದಕ್ಕೇ ಮಾತು ತಡ" ಅಂತ ಹೇಳಿ ನಿಜವಾದ ತೊಂದರೆಯನ್ನು ಮುಂದೆ ತಳ್ಳಿದ ತಂದೆ ತಾಯಿಯರನ್ನು ನಾನು ಕಂಡಿದ್ದೇನೆ. ಜಾಸ್ತಿ ಭಾಷೆ ಕೇಳಿದ್ದರಿಂದ ಮಕ್ಕಳಿಗೆ ಮಾತಿನ ತೊಂದರೆ ಬರುವುದಿಲ್ಲ. ಯಾವ ಭಾಷೆಯಲ್ಲೂ ಮಾತು ಮುಂದೆ ಹೋಗದಿದ್ದರೆ, ಕರೆದಾಗ ತಿರುಗಿ ನೋಡದಿದ್ದರೆ, ಆಗ ಕಿವಿ ಪರೀಕ್ಷೆ ಮಾಡಿಸಬೇಕು. ಊರಿಗೆ ಬಂದಾಗ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ತೋರಿಸಬಹುದು. ನೀವು ಬರೆದಿರುವುದನ್ನು ನೋಡಿದರೆ ನಿಮ್ಮ ಮಗಳಿಗೆ ಅದು ಬೇಕಾಗಿಲ್ಲ. ಅವಳು ಮಾತಾಡುತ್ತಿದ್ದಾಳೆ, ಅದೂ ನಾಲ್ಕರಲ್ಲಿ.

ನಿಮ್ಮ ಮನೆಯಲ್ಲಿ ಯಾವುದಾದರೂ ಭಾಷೆ ಸೊರಗುವ ಅಪಾಯ ಇದ್ದರೆ ಅದು ಕನ್ನಡಕ್ಕೆ. ಶಾಲೆ ಇಂಗ್ಲಿಷಿನದು, ಬೀದಿ ಸ್ವಾಹಿಲಿಯದು, ಬೀಬಿ ಹೆಹೆಯವರು. ಕನ್ನಡಕ್ಕೆ ಇರುವುದು ನೀವಿಬ್ಬರೇ. ಹೆಹೆಯನ್ನು ನಿಲ್ಲಿಸಿದರೆ ಆ ಹೊತ್ತು ಕನ್ನಡಕ್ಕೆ ಸಿಗುವುದಿಲ್ಲ, ಟಿವಿಗೆ ಹೋಗುತ್ತದೆ. ಗಂಡನಿಗೆ ಇಷ್ಟು ಹೇಳಿ: ಭಾಷೆ ಕಡಿಮೆ ಮಾಡುವ ಬದಲು ದಿನಾ ರಾತ್ರಿ ಮಗಳ ಜೊತೆ ಕನ್ನಡದಲ್ಲಿ ಹರಟಲಿ.

ಇನ್ನು ಪಕ್ಕದ ಮನೆಯವರ ಮಾತು. ಹೆಹೆ, ಸ್ವಾಹಿಲಿ ಎರಡೂ ಸೇರಿರುವ ಆಫ್ರಿಕಾದ ಬಾಂಟು ಕುಟುಂಬದ ಭಾಷೆಗಳನ್ನು ಓದುತ್ತಾ, ಪಾಠ ಮಾಡುತ್ತಾ ಬಂದವನು ನಾನು. "ಕೆಟ್ಟ ಸ್ವಾಹಿಲಿ" ಅನ್ನುವುದನ್ನು ಬೇರೆ ಬೇರೆ ಭಾಷೆಗಳ ಬಗ್ಗೆ ಎಷ್ಟೋ ಸಲ ಕೇಳಿದ್ದೇನೆ. ಪ್ರತಿ ಸಲವೂ ಬೇಜಾರಾಗುತ್ತದೆ. ತುಳುವನ್ನು ಯಾರಾದರೂ ಕೆಟ್ಟ ಕನ್ನಡ ಅಂದರೆ ಮಂಗಳೂರಿನವರಿಗೆ ಹೇಗನ್ನಿಸುತ್ತದೆ? ಇದೂ ಹಾಗೇ. ಎರಡಕ್ಕೂ ಮೂಲ ಒಂದು, ಒಂದು ಇನ್ನೊಂದರ ಮಗಳಲ್ಲ. ಸ್ವಾಹಿಲಿ ಬೆಳೆದದ್ದು ಹಿಂದೂ ಮಹಾಸಾಗರದ ತೀರದಲ್ಲಿ, ಅರಬ್ಬರ ಜೊತೆಗಿನ ವ್ಯಾಪಾರದ ನಡುವೆ. ಹೆಹೆ ಬೆಳೆದದ್ದು ದಕ್ಷಿಣದ ಎತ್ತರದ ನಾಡಿನಲ್ಲಿ, ಗ್ರೇಟ್ ರುವಾಹಾ ನದಿಯ ದಕ್ಷಿಣಕ್ಕೆ, ಈಗ ನೀವಿರುವ ಜಾಗದಲ್ಲೇ. ಅದರ ಹತ್ತಿರದ ನೆಂಟರು ನ್ಜೊಂಬೆ ಕಡೆಯ ಬೆನಾ, ಆಮೇಲೆ ಸಂಗು, ಕಿಂಗಾ, ಪಂಗ್ವಾ. ಹೆಹೆಯವರೂ ಬೆನಾದವರೂ ತಮ್ಮ ತಮ್ಮ ಮಾತನ್ನೇ ಆಡಿಕೊಂಡು ಬಹಳಷ್ಟು ಅರ್ಥ ಮಾಡಿಕೊಳ್ಳುತ್ತಾರೆ. ಕರಾವಳಿಯಿಂದ ಬಂದ ಸ್ವಾಹಿಲಿಯವರಿಗೆ ಬೀಬಿಯ ಮಾತು ಅಲ್ಲೊಂದು ಇಲ್ಲೊಂದು ಪದ ಬಿಟ್ಟರೆ ತಿಳಿಯುವುದಿಲ್ಲ.

ನೀವು ಸ್ವಾಹಿಲಿ ಕಲಿತಿರುವುದರಿಂದ ಹೋಲಿಕೆ ನಿಮಗೂ ಕಂಡಿರಬೇಕು. ಸ್ವಾಹಿಲಿಯಲ್ಲಿ ಒಬ್ಬ ಹೆಹೆ ವ್ಯಕ್ತಿ "ಮ್ಹೆಹೆ". ಅವರದೇ ಮಾತಿನಲ್ಲಿ "ಮುಹೆಹೆ". ಸ್ವಾಹಿಲಿ ಅಲ್ಲಿನ ಉಕಾರವನ್ನು ಬಿಟ್ಟುಬಿಟ್ಟಿದೆ, ಹೆಹೆ ಉಳಿಸಿಕೊಂಡಿದೆ. ಕಟ್ಟುವುದಕ್ಕೆ ಸ್ವಾಹಿಲಿ "ಕುಜೆಂಗಾ" ಅಂದರೆ ಹೆಹೆ "ಕುಚೇಂಗ" ಅನ್ನುತ್ತದೆ. ಹ್ರಸ್ವ ದೀರ್ಘದ ವ್ಯತ್ಯಾಸ ಹೆಹೆಯಲ್ಲಿ ಮುಖ್ಯ. ನಮ್ಮ ಕಿವಿಗೆ ಇದು ಕಷ್ಟವಲ್ಲ. ಕಷ್ಟ ಬರುವುದು ಸ್ವರದ ಏರಿಳಿತದಲ್ಲಿ. ಹೆಹೆಯಲ್ಲಿ ಮಾತಿನ ಒಂದು ಭಾಗವನ್ನು ಎತ್ತರದ ಸ್ವರದಲ್ಲಿ ಹೇಳಬೇಕು, ಎಲ್ಲಿ ಎತ್ತಬೇಕು ಅನ್ನುವುದಕ್ಕೆ ನಿಯಮ ಇದೆ. ಸ್ವಾಹಿಲಿ ಈ ಗುಣವನ್ನು ಕಳೆದುಕೊಂಡಿದೆ. ಇದನ್ನು ದೊಡ್ಡವರು ಕಲಿಯುವುದು ನಿಧಾನ. ನಿಮ್ಮ ಮಗಳ ಬಾಯಲ್ಲಿ ಅದು ಈಗಾಗಲೇ ಸರಿಯಾಗಿ ಬರುತ್ತಿರಬಹುದು. ಬೀಬಿಯನ್ನೇ ಕೇಳಿ.

ನನಗೆ ಬಹಳ ಇಷ್ಟವಾದ ಒಂದು ಸಂಗತಿ ಹೇಳುತ್ತೇನೆ. ಕನ್ನಡದಲ್ಲಿ "ಓಡಿ ಓಡಿ" ಅಂದರೆ ಜಾಸ್ತಿ ಓಡಿದ ಅರ್ಥ ಬರುತ್ತದೆ. ಹೆಹೆಯಲ್ಲಿ ಕ್ರಿಯಾಪದವನ್ನು ಎರಡು ಸಲ ಹೇಳಿದರೆ ಉಲ್ಟಾ. "ಕುಚೇಂಗ" ಕಟ್ಟುವುದು, "ಕುಚೇಂಗ ಚೇಂಗ" ಅಂದರೆ ಒಂಚೂರು ಕಟ್ಟುವುದು. ಎರಡನೇ ಸಲ ಮುಂದಿನ "ಕು" ಬರುವುದಿಲ್ಲ, ನೋಡಿ. ಈಗ "ಕ್ವೀತ" ತೆಗೆದುಕೊಳ್ಳಿ, ಅಂದರೆ ಸುರಿಯುವುದು. ಅಲ್ಲಿ "ಕು" ಮುಂದಿನ ಸ್ವರದ ಜೊತೆ ಸಂಧಿಯಾಗಿ "ಕ್ವೀ" ಆಗಿದೆ. ಒಂಚೂರು ಸುರಿಯುವುದಕ್ಕೆ "ಕ್ವೀತ ಕ್ವೀತ" ಅನ್ನುತ್ತಾರೆ. ಅಂದರೆ ಸಂಧಿಯಾದ ಕಡೆ ಮುಂದಿನ ತುಂಡೂ ಎರಡು ಸಲ ಬರುತ್ತದೆ, ಸಂಧಿಯಾಗದ ಕಡೆ ಬರುವುದಿಲ್ಲ. ಯಾವುದು ಮೊದಲು ನಡೆಯುತ್ತದೆ, ಸಂಧಿಯೋ ದ್ವಿರುಕ್ತಿಯೋ? 1980ರ ದಶಕದಿಂದ ಭಾಷಾಶಾಸ್ತ್ರಜ್ಞರು ಇದನ್ನು ಇಟ್ಟುಕೊಂಡು ವಾದ ಮಾಡುತ್ತಿದ್ದಾರೆ. "ಭಾಷೆಯೇ ಅಲ್ಲ" ಅನ್ನಿಸಿಕೊಂಡ ಈ ಮಾತಿನ ಒಂದು ನಿಯಮ ದೂರದ ವಿಶ್ವವಿದ್ಯಾಲಯಗಳಲ್ಲಿ ಪಾಠವಾಗಿದೆ. ದಾದಾಗೆ ಇದು ಗೊತ್ತಿರಲಿಕ್ಕಿಲ್ಲ. ಹೇಳಿ, ಅವಳಿಗೆ ಖುಷಿಯಾಗುತ್ತದೆ.

ಬರೆಯಲು ಬರುವುದಿಲ್ಲ ಅನ್ನುವುದೂ ಸುಳ್ಳು. ರೋಮನ್ ಅಕ್ಷರದಲ್ಲಿ ಬರೆಯುತ್ತಾರೆ. 1899ರಲ್ಲೇ ಕಾರ್ಲ್ ವೆಲ್ಟನ್ ಅನ್ನುವ ಜರ್ಮನ್ ವಿದ್ವಾಂಸ ಹೆಹೆ ಭಾಷೆಯ ವಿವರಣೆ ಪ್ರಕಟಿಸಿದ್ದ. ಮರುವರ್ಷ ಕ್ಯಾಸಿಯನ್ ಸ್ಪಿಸ್ ಅನ್ನುವ ಪಾದ್ರಿಯ ಪದಸಂಗ್ರಹ ಬಂತು. ಆದರೆ ಅಕ್ಷರ ಇದ್ದರೆ ಸಾಲದು, ಓದುವುದಕ್ಕೆ ಏನಾದರೂ ಇರಬೇಕಲ್ವಾ? ಹೆಹೆಯಲ್ಲಿ ಮಕ್ಕಳ ಪುಸ್ತಕ, ಪತ್ರಿಕೆ ಹುಡುಕಿದರೆ ಸಿಗುವುದು ಕಷ್ಟ. ಪಕ್ಕದ ಮನೆಯವರ ಮಾತು ಹುಟ್ಟಿದ್ದು ಇದರಿಂದ ಇರಬೇಕು.

ಮುಂಗೋಪದ ಮಾತಿಗೆ ಇತಿಹಾಸದ ಕಡೆ ಹೋಗಬೇಕು. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಹೆಹೆ ಅನ್ನುವ ಜನವೂ ಹೆಹೆ ಅನ್ನುವ ಭಾಷೆಯೂ ಒಂದಾಗಿ ರೂಪುಗೊಂಡದ್ದು ಈ ಇತಿಹಾಸದಲ್ಲೇ.

19ನೇ ಶತಮಾನದ ಮಧ್ಯದವರೆಗೆ ಆ ಎತ್ತರದ ನಾಡಿನಲ್ಲಿ ಚಿಕ್ಕ ಚಿಕ್ಕ ಪಾಳೆಯಪಟ್ಟುಗಳಿದ್ದವು. ಮಾತು ಒಂದರದ್ದು ಇನ್ನೊಂದಕ್ಕೆ ಹತ್ತಿರ, ಪೂರ್ತಿ ಒಂದಲ್ಲ. ಮುನ್ಯಿಗುಂಬಾ ಅನ್ನುವ ನಾಯಕ ಯುದ್ಧ ಮಾಡಿ, ಮದುವೆ ಸಂಬಂಧ ಬೆಳೆಸಿ ಅವನ್ನು ಒಂದು ಮಾಡಿದ. ಈ ಯೋಧರು ಯುದ್ಧದಲ್ಲಿ ಹಾಕುತ್ತಿದ್ದ "ಹೇ ಹೇ" ಕೂಗಿನಿಂದಲೇ ಜನಕ್ಕೆ ಆ ಹೆಸರು ಬಂತು ಅಂತ ಹೇಳುತ್ತಾರೆ. ಇವತ್ತಿಗೂ ಇರಿಂಗಾದ ಬೇರೆ ಬೇರೆ ಕಡೆ ಹೆಹೆ ಸ್ವಲ್ಪ ಸ್ವಲ್ಪ ಬದಲಾಗುವುದಕ್ಕೆ ಆ ಹಳೆಯ ಪಾಳೆಯಪಟ್ಟುಗಳೂ ಒಂದು ಕಾರಣ. ಬೀಬಿ ಒಂದು ಪದ ಹೇಳಿ, ತರಕಾರಿ ಮಾರುವವಳು ಇನ್ನೊಂದು ಹೇಳಿದರೆ ಇಬ್ಬರೂ ಸರಿಯೇ.

ಮುನ್ಯಿಗುಂಬಾನ ಮಗ ಮ್ಕ್ವಾವಾ. ಜರ್ಮನರು ಒಳನಾಡಿಗೆ ನುಗ್ಗಿದಾಗ ಅವನು ತಲೆಬಾಗಲಿಲ್ಲ. 1891ರ ಆಗಸ್ಟ್ 17ರಂದು ಲುಗಾಲೊದಲ್ಲಿ ಹೆಹೆ ಸೇನೆ ಎಮಿಲ್ ಫಾನ್ ಜೆಲೆವ್ಸ್ಕಿಯ ಪಡೆಯ ಮೇಲೆ ಹೊಂಚು ಹಾಕಿ ಬಿದ್ದಿತು. ಬಹುಪಾಲು ಈಟಿಗಳೇ ಇದ್ದ ಸೇನೆ ಬಂದೂಕಿನ ಪಡೆಯನ್ನು ಸ್ವಲ್ಪ ಹೊತ್ತಿನಲ್ಲೇ ಮುಗಿಸಿತು. ಜೆಲೆವ್ಸ್ಕಿಯೂ ಸತ್ತ. ಮೂರು ವರ್ಷದ ಮೇಲೆ, 1894ರ ಅಕ್ಟೋಬರ್ 30ರಂದು, ಜರ್ಮನರು ಫಿರಂಗಿ ತಂದು ಕಲೆಂಗಾದ ಕೋಟೆಯನ್ನು ಒಡೆದರು. ಮ್ಕ್ವಾವಾ ತಪ್ಪಿಸಿಕೊಂಡು ಕಾಡಿನಿಂದಲೇ ಹೋರಾಡಿದ. 1898ರ ಜುಲೈನಲ್ಲಿ ಮ್ಲಂಬಲಾಸಿಯಲ್ಲಿ ಸುತ್ತುವರಿದಾಗ ಸೆರೆ ಸಿಗುವ ಬದಲು ತಾನೇ ಗುಂಡು ಹಾರಿಸಿಕೊಂಡ. ಅವನ ತಲೆಯನ್ನು ಜರ್ಮನಿಗೆ ಸಾಗಿಸಿದರು. 1919ರ ವರ್ಸೈಲ್ಸ್ ಒಪ್ಪಂದದ 246ನೇ ವಿಧಿಯಲ್ಲಿ ಆ ತಲೆಬುರುಡೆಯನ್ನು ಹಿಂದಿರುಗಿಸಬೇಕು ಅಂತ ಬರೆದಿದೆ. ಆದರೂ ಅದು ವಾಪಸ್ ಬಂದದ್ದು 1954ರಲ್ಲಿ. ಅಲ್ಲಿನ ಬ್ರಿಟಿಷ್ ಗವರ್ನರ್ ಎಡ್ವರ್ಡ್ ಟ್ವೈನಿಂಗ್ ಬ್ರೆಮೆನ್‌ನ ವಸ್ತುಸಂಗ್ರಹಾಲಯದಲ್ಲಿ ಹುಡುಕಿಸಿ ತಂದ. ಈಗ ಅದು ಕಲೆಂಗಾದ ಮ್ಯೂಸಿಯಂನಲ್ಲಿದೆ. ನಿಮ್ಮ ಮನೆಯಿಂದ ದೂರವಿಲ್ಲ, ಮಗಳನ್ನು ಕರೆದುಕೊಂಡು ಹೋಗಿ. ಮ್ಕ್ವಾವಾನ ಮೊಮ್ಮಗ ಆದಮ್ ಸಾಪಿ ಮ್ಕ್ವಾವಾ ಮುಂದೆ ಅನೇಕ ವರ್ಷ ತಾಂಜಾನಿಯಾ ಸಂಸತ್ತಿನ ಸ್ಪೀಕರ್ ಆಗಿದ್ದರು.

ಹೆಹೆ ಜನ ಸಿಟ್ಟಿನವರು, ಯುದ್ಧದವರು ಅನ್ನುವ ಮಾತು ಈ ಕಾಲದ್ದು. ಸೋಲಿಸಲು ವರ್ಷಗಟ್ಟಲೆ ಒದ್ದಾಡಿದ ಜರ್ಮನರು ಹಾಗೆ ಬರೆದಿಟ್ಟರು, ಆಮೇಲೆ ಬಂದ ಬ್ರಿಟಿಷರು ಮುಂದುವರಿಸಿದರು, ಈಗ ನಿಮ್ಮ ಪಕ್ಕದ ಮನೆಯವರು ಹೇಳುತ್ತಿದ್ದಾರೆ. ಒಂದು ಜನಾಂಗಕ್ಕೆಲ್ಲ ಒಂದೇ ಸ್ವಭಾವ ಇರುವುದಿಲ್ಲ. ಬೀಬಿ ಬಂದಾಗ ಮಗಳು "ಕಮ್ವೆನೆ" ಅಂದು ನಮಸ್ಕಾರ ಹೇಳಿದರೆ ಅವರ ಮುಖ ಹೇಗೆ ಅರಳುತ್ತದೆ ಅಂತ ನಿಮಗೇ ಗೊತ್ತಿದೆ.

ಹಾಗಾದರೆ ಹೆಹೆ ಸಾಯುತ್ತಿದೆಯಾ? ಬೇಗ ಇಲ್ಲ. ಆಡುವವರು ಏಳೆಂಟು ಲಕ್ಷ ಅನ್ನುವ ಅಂದಾಜು ಇದೆ. ಅಂದಾಜು ಅಂತ ಯಾಕೆ ಹೇಳುತ್ತೇನೆ ಅಂದರೆ, ತಾಂಜಾನಿಯಾ 1967ರ ನಂತರದ ಜನಗಣತಿಗಳಲ್ಲಿ ಬುಡಕಟ್ಟು ಯಾವುದು ಅಂತ ಕೇಳುವುದನ್ನೇ ಬಿಟ್ಟಿದೆ. ನೂರಿಪ್ಪತ್ತಕ್ಕೂ ಹೆಚ್ಚು ಭಾಷೆಗಳಿರುವ ದೇಶ, ಜನ ಬುಡಕಟ್ಟಿನ ಹೆಸರಲ್ಲಿ ಒಡೆಯಬಾರದು ಅನ್ನುವ ಉದ್ದೇಶ. ಲಕ್ಷಗಟ್ಟಲೆ ಜನ ಆಡುವ ಭಾಷೆ ಇಪ್ಪತ್ತು ವರ್ಷದಲ್ಲಿ ಮಾಯವಾಗುವುದಿಲ್ಲ. ಊರಿನ ಸುತ್ತಲಿನ ಹಳ್ಳಿಗಳಿಗೆ ಹೋಗಿ ನೋಡಿ. ಹೊಲದಲ್ಲಿ, ಬಿದಿರಿನ ರಸದ ಉಲಾಂಜಿ ಕುಡಿಯುವ ಜಾಗದಲ್ಲಿ, ಸಾವಿನ ಮನೆಯಲ್ಲಿ ಹೆಹೆಯೇ ಕೇಳುತ್ತದೆ.

ಆದರೆ ಭಾಷೆಯ ಆರೋಗ್ಯ ನೋಡುವಾಗ ಆಡುವವರ ಸಂಖ್ಯೆಗಿಂತ ನಾನು ಬೇರೆ ಒಂದನ್ನು ಕೇಳುತ್ತೇನೆ: ತಾಯಿ ಮಗುವಿನ ಜೊತೆ ಯಾವುದರಲ್ಲಿ ಆಡುತ್ತಾಳೆ? ನಿಮ್ಮ ಪತ್ರದಲ್ಲಿ ಅದಕ್ಕೆ ಉತ್ತರ ಇದೆ. ಬೀಬಿ ಮತ್ತು ದಾದಾ ನಡುವೆ ಹೆಹೆ, ದಾದಾ ಮತ್ತು ಮಗನ ನಡುವೆ ಸ್ವಾಹಿಲಿ. ಇರಿಂಗಾ ಪೇಟೆಯ ಎಷ್ಟೋ ಮನೆಗಳಲ್ಲಿ ಹೀಗೇ. ಹಳ್ಳಿಯಲ್ಲಿ ಗಟ್ಟಿ, ಪೇಟೆಯಲ್ಲಿ ಸಡಿಲ.

ದಾದಾ ಅಂದ "ಕಿಲುಘಾ" ಮಾತು ತಾಂಜಾನಿಯಾದಲ್ಲೆಲ್ಲ ಕೇಳುತ್ತದೆ. ಸ್ವಾಹಿಲಿ ಅಲ್ಲದ ಮನೆಮಾತು ಯಾವುದಾದರೂ ಅದಕ್ಕೆ ಆ ಹೆಸರು. ಅವಳ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ಅವಳ ಲೆಕ್ಕ ಸರಿಯಾಗಿಯೇ ಇದೆ. ಜರ್ಮನರ ಆಡಳಿತ ಸ್ವಾಹಿಲಿಯಲ್ಲಿ ನಡೆಯಿತು. ಬ್ರಿಟಿಷರ ಕಾಲದಲ್ಲಿ ಜಾಂಜಿಬಾರಿನ ಸ್ವಾಹಿಲಿಯನ್ನು ಆಧಾರ ಮಾಡಿಕೊಂಡು ಅದಕ್ಕೆ ಶಿಷ್ಟ ರೂಪ ಕೊಟ್ಟರು. 1961ರಲ್ಲಿ ಸ್ವಾತಂತ್ರ್ಯ ಬಂದ ಮೇಲೆ ದೇಶದ ಮೊದಲ ನಾಯಕ ಜೂಲಿಯಸ್ ನ್ಯೆರೆರೆ ಅದನ್ನೇ ದೇಶ ಕಟ್ಟುವ ಭಾಷೆ ಮಾಡಿದರು. 1967ರಿಂದ ಸರ್ಕಾರಿ ಪ್ರಾಥಮಿಕ ಶಾಲೆಗಳ ಪಾಠ ಸ್ವಾಹಿಲಿಯಲ್ಲಿ. ಅದರ ಮೇಲೆ ಪ್ರೌಢಶಾಲೆ ಇಂಗ್ಲಿಷಿನಲ್ಲಿ. ಹೆಹೆಗೆ ಯಾವ ತರಗತಿಯಲ್ಲೂ ಜಾಗ ಇಲ್ಲ. 1970ರ ದಶಕದಲ್ಲಿ ಚದುರಿದ್ದ ಜನರನ್ನು ಉಜಾಮಾ ಹಳ್ಳಿಗಳಿಗೆ, ಅಂದರೆ ಸರ್ಕಾರ ಮಾಡಿದ ಒಟ್ಟು ದುಡಿಮೆಯ ಹಳ್ಳಿಗಳಿಗೆ, ಒಟ್ಟುಗೂಡಿಸಿದರು. ಬೇರೆ ಬೇರೆ ಕಡೆಯವರು ಒಟ್ಟಿಗೆ ಬಂದಾಗ ನಡುವಿನ ಮಾತು ಸ್ವಾಹಿಲಿಯೇ ಆಗುತ್ತದೆ. ಇದರಿಂದ ದೇಶಕ್ಕೆ ಒಳ್ಳೆಯದೂ ಆಗಿದೆ. ಅಕ್ಕಪಕ್ಕದ ಎಷ್ಟೋ ದೇಶಗಳು ಬುಡಕಟ್ಟು ಜಗಳದಲ್ಲಿ ಬೆಂದಾಗ ತಾಂಜಾನಿಯಾ ಒಂದಾಗಿ ಉಳಿಯಿತು. ಅದರ ಬೆಲೆಯನ್ನು ಕೊಟ್ಟದ್ದು ಮನೆಮಾತುಗಳು. ನನ್ನ ಪ್ರಕಾರ ಇಷ್ಟು ಬೆಲೆ ಕೊಡಬೇಕಾಗಿರಲಿಲ್ಲ. ಮೊದಲ ಎರಡು ವರ್ಷ ಮನೆಮಾತಿನಲ್ಲಿ ಕಲಿತ ಮಗು ಸ್ವಾಹಿಲಿಯನ್ನು ಬಿಟ್ಟುಬಿಡುವುದಿಲ್ಲ, ಇನ್ನೂ ಚೆನ್ನಾಗಿ ಕಲಿಯುತ್ತದೆ.

ದಾದಾಗೆ ಉಪದೇಶ ಮಾಡಬೇಡಿ. ನೀವು ಅವಳಿಗೆ ಸಂಬಳ ಕೊಡುವವರು. "ನಿನ್ನ ಮಗನಿಗೆ ಹೆಹೆ ಕಲಿಸು" ಅಂದರೆ ಅವಳು ತಲೆ ಅಲ್ಲಾಡಿಸುತ್ತಾಳೆ, ಮನಸ್ಸಿನಲ್ಲಿ ನೊಂದುಕೊಳ್ಳುತ್ತಾಳೆ. ಎರಡು ಭಾಷೆ ಆಡಿದರೆ ಮಗನ ಸ್ವಾಹಿಲಿ ಹಾಳಾಗುತ್ತದೆ ಅನ್ನುವ ಭಯ ಅವಳಿಗಿದ್ದರೆ, ಅದು ಸುಳ್ಳು ಅಂತ ಮಾತ್ರ ಹೇಳಿ. ಅದಕ್ಕೆ ಸಾಕ್ಷಿ ನಿಮ್ಮ ಮಗಳೇ ಇದ್ದಾಳಲ್ಲ.

ನೀವೂ ಹೆಹೆ ಕಲಿಯಬೇಕಾ? ಸ್ವಾಹಿಲಿ ಇನ್ನೂ ತಡವರಿಸುತ್ತಿದ್ದರೆ ಮೊದಲು ಅದನ್ನು ಗಟ್ಟಿ ಮಾಡಿಕೊಳ್ಳಿ. ಆಸ್ಪತ್ರೆ, ಪೊಲೀಸ್, ಶಾಲೆ ಎಲ್ಲ ಕಡೆ ಬೇಕಾಗುವುದು ಅದೇ. ಹೆಹೆಯನ್ನು ಅದರ ಜೊತೆಗೆ ಸುಮ್ನೆ ಕೇಳುತ್ತಾ ಕೇಳುತ್ತಾ ಕಲಿಯಬಹುದು. ಊರಿನ ಹೆಸರುಗಳಿಂದಲೇ ಶುರು ಮಾಡಿ. ಇರಿಂಗಾ ಅನ್ನುವುದು ಕೋಟೆ ಅನ್ನುವ ಹೆಹೆ ಪದದಿಂದ ಬಂದದ್ದು ಅಂತ ಹೇಳುತ್ತಾರೆ. ಊರಿನ ಮೇಲಿರುವ ದೊಡ್ಡ ಬಂಡೆ ಗಂಗಿಲೋಂಗಾ, ಮಾತಾಡುವ ಕಲ್ಲು. ಒಂದು ಎಚ್ಚರ: ಬೆನಾ, ಕಿಂಗಾ ಮನೆಯವರೂ ನಿಮ್ಮ ಬೀದಿಯಲ್ಲಿರುತ್ತಾರೆ. ಸಿಕ್ಕವರಿಗೆಲ್ಲ ಹೆಹೆಯಲ್ಲಿ ಮಾತಾಡಿಸಿದರೆ ಕೆಲವರಿಗೆ ಇರಿಸುಮುರಿಸು ಆಗಬಹುದು. ಯಾವ ಕಡೆಯವರು ಅಂತ ತಿಳಿದುಕೊಂಡು ಆಡಿ.

ಕೊನೆಗೆ ರೆಕಾರ್ಡಿಂಗ್. ನಿಮ್ಮ ಆಸೆ ನನಗೆ ಬಹಳ ಹಿಡಿಸಿತು. ಬೀಬಿಯಂಥವರ ಬಾಯಲ್ಲಿರುವ ಕಥೆ, ಒಗಟು, ಗಾದೆಗಳು ಪೇಟೆಯ ಮಕ್ಕಳಿಗೆ ಸಿಗುತ್ತಿಲ್ಲ. ಆದರೆ ಯೂಟ್ಯೂಬಿಗೆ ಹಾಕುವುದನ್ನು ಈಗಲೇ ಬೇಡ ಅನ್ನುತ್ತೇನೆ.

ಯಾಕೆಂದರೆ ಬೀಬಿ "ಹೂಂ" ಅಂದರೂ ಅದು ಪೂರ್ತಿ ಒಪ್ಪಿಗೆ ಆಗುವುದಿಲ್ಲ. ಮಗಳು ಕೆಲಸಕ್ಕಿರುವ ಮನೆಯ ಯಜಮಾನಿ ಕೇಳಿದರೆ ಬೇಡ ಅನ್ನುವುದು ಕಷ್ಟ. ಯೂಟ್ಯೂಬ್ ಅಂದರೆ ಗುರುತಿಲ್ಲದವರೂ ನೋಡುತ್ತಾರೆ, ಒಮ್ಮೆ ಹೊರಗೆ ಹೋದದ್ದು ವಾಪಸ್ ಬರುವುದಿಲ್ಲ ಅನ್ನುವುದು ಅವರಿಗೆ ತಿಳಿದಿರಬೇಕು. ಕಥೆ ಹೇಳುತ್ತಾ ಹೇಳುತ್ತಾ ನೆಂಟರ ಜಗಳ, ಜಮೀನಿನ ವಿಷಯ, ಮಾಟದ ಮಾತು ನುಸುಳುತ್ತವೆ. ಅವು ಹೊರಗೆ ಹೋದರೆ ತೊಂದರೆ ಅನುಭವಿಸುವವರು ಅವರು, ನೀವಲ್ಲ. ಇನ್ನೊಂದು ವಿಷಯ: ಹೊರದೇಶದವರು ತಾಂಜಾನಿಯಾದಲ್ಲಿ ಸಂಶೋಧನೆ ಮಾಡಬೇಕಾದರೆ ಅಲ್ಲಿನ ವಿಜ್ಞಾನ ಮತ್ತು ತಂತ್ರಜ್ಞಾನ ಆಯೋಗದ ಅನುಮತಿ ಬೇಕು. ಮನೆಯಲ್ಲಿ ಅಜ್ಜಿಯ ಕಥೆ ಹಿಡಿದಿಟ್ಟುಕೊಳ್ಳುವುದು ಸಂಶೋಧನೆ ಅಲ್ಲ. ಹಳ್ಳಿ ಹಳ್ಳಿ ತಿರುಗಿ ಸಂಗ್ರಹಿಸಲು ಶುರು ಮಾಡಿದರೆ ಆ ಪ್ರಶ್ನೆ ಏಳುತ್ತದೆ. ಅಷ್ಟು ದೂರ ಹೋಗುವ ಮನಸ್ಸಿದ್ದರೆ ದಾರ್ ಎಸ್ ಸಲಾಮ್ ವಿಶ್ವವಿದ್ಯಾಲಯದ ಭಾಷಾ ವಿಭಾಗದವರ ಜೊತೆ ಮೊದಲು ಮಾತಾಡಿ. ತಾಂಜಾನಿಯಾದ ಭಾಷೆಗಳ ಬಗ್ಗೆ ಅವರು ದೊಡ್ಡ ಯೋಜನೆಯನ್ನೇ ನಡೆಸಿದ್ದಾರೆ. ಹಳ್ಳಿಗೆ ಕಾಲಿಡುವಾಗ ಅಲ್ಲಿನ ಮ್ವೆನ್ಯೆಕಿತಿಗೆ, ಅಂದರೆ ಹಳ್ಳಿಯ ಅಧ್ಯಕ್ಷರಿಗೆ, ತಿಳಿಸಿಯೇ ಹೋಗಿ.

ಈಗ ಮಾಡಬಹುದಾದದ್ದು ಇಷ್ಟು. ಮೊದಲು ದಾದಾಗೆ ಹೇಳಿ, ಅವಳು ತನ್ನ ತಾಯಿಯನ್ನು ನೀವಿಲ್ಲದಾಗ ಕೇಳಲಿ. ಆಗ ಬೇಡ ಅನ್ನುವುದಕ್ಕೂ ಜಾಗ ಇರುತ್ತದೆ. ಒಪ್ಪಿದರೆ ರೇಡಿಯೋ, ಟಿವಿ ಆಫ್ ಮಾಡಿ, ತಗಡಿನ ಸೂರಿನ ಮೇಲೆ ಮಳೆ ಬೀಳದ ಹೊತ್ತು ನೋಡಿ, ಫೋನನ್ನು ಅವರ ಹತ್ತಿರ ಇಟ್ಟು ರೆಕಾರ್ಡ್ ಮಾಡಿ. ದಾದಾಳ ಮಗನನ್ನೂ ನಿಮ್ಮ ಮಗಳನ್ನೂ ಎದುರು ಕೂರಿಸಿ. ಕೇಳುವ ಮಕ್ಕಳಿದ್ದರೆ ಕಥೆ ಬರುವ ರೀತಿಯೇ ಬೇರೆ. ಹೇಳಿದವರ ಹೆಸರು, ಊರು, ತಾರೀಕು ಶುರುವಿನಲ್ಲೇ ಅವರ ಬಾಯಿಂದ ಹೇಳಿಸಿ. ಅದೇ ವಾರ ದಾದಾಳ ಜೊತೆ ಕೂತು ಸ್ವಾಹಿಲಿಯಲ್ಲಿ ಅರ್ಥ ಬರೆದುಕೊಳ್ಳಿ. ತಡ ಮಾಡಿದರೆ ಅವಳಿಗೂ ಕೆಲವು ಹಳೆಯ ಪದ ಬಿಡಿಸಿ ಹೇಳುವುದು ಕಷ್ಟವಾಗುತ್ತದೆ. ಅವಳು ಇದಕ್ಕೆ ಕೊಟ್ಟ ಹೊತ್ತಿಗೆ ಬೇರೆಯಾಗಿಯೇ ದುಡ್ಡು ಕೊಡಿ, ಮನೆಕೆಲಸದ ಸಂಬಳದಲ್ಲಿ ಸೇರಿಸಬೇಡಿ. ಪ್ರತಿ ಕಥೆಯ ಒಂದು ಪ್ರತಿಯನ್ನು ಅವಳ ಫೋನಿಗೂ ಹಾಕಿಕೊಡಿ. ಇರಿಂಗಾ ಬಿಟ್ಟು ಹಾಸನಕ್ಕೆ ಬರುವ ದಿನ ಎಲ್ಲವನ್ನೂ ಒಂದು ಮೆಮೊರಿ ಕಾರ್ಡಿಗೆ ಹಾಕಿ ಬೀಬಿಯ ಮನೆಯಲ್ಲೇ ಬಿಟ್ಟು ಬನ್ನಿ. ಯೂಟ್ಯೂಬಿಗೆ ಹಾಕಬೇಕಾ ಬೇಡವಾ ಅನ್ನುವುದನ್ನು ಆಮೇಲೆ ಅವರೇ ತೀರ್ಮಾನಿಸುತ್ತಾರೆ.